ಶವದ ಗಾಡಿಯ ಹಿಂದಿನ ಕಾರು

ಟ್ಯಾಂಕು ತುಂಬ ಪೆಟ್ರೋಲು ಹಾಕಿಸುವುದು ಆರ್ವೋ ತಕ್ಕಲನ ಜಾಯಮಾನದಲ್ಲೇ ಇರಲಿಲ್ಲ. ಮುಳ್ಳು ಕೆಂಪು ಗೆರೆ ಮುಟ್ಟಿದಾಗ ಒಂದಿಷ್ಟು, ಮತ್ತೆ ಮುಟ್ಟಿದಾಗ ಇನ್ನೊಂದಿಷ್ಟು, ಹೀಗೆ ಮಗುವಿಗೆ ಔಷಧಿ ಕುಡಿಸುವ ಹಾಗೆ ಹಾಕಿಸುತ್ತಿದ್ದ. "ಅರೆಹೊಟ್ಟೇಲಿ ಗಾಡಿ ಓಡಿಸ್ಬೇಡ್ವೋ, ಒಂದಿನ ನಡುದಾರೀಲಿ ಕೈಕೊಡುತ್ತೆ" ಎಂದು ಅವನ ಸೋದರಮಾವ ಓನ್ನಿ ಬಾಯಿ ನೋಯುವಷ್ಟು ಹೇಳಿದ್ದ. ಓನ್ನಿ ಮಾವ ಕೆಟಲ್ ಲೇಕ್ ಊರಿಗೆ ಇದ್ದ ಒಬ್ಬನೇ ಮೆಕ್ಯಾನಿಕ್. ನಲವತ್ತಾರು ವರ್ಷ ಊರಿನವರ ಕಾರುಗಳ ಕೆಳಗೆ ಅಂಗಾತ ಮಲಗಿ ಬದುಕಿದವನು ಕಳೆದ ಸೋಮವಾರ ತನ್ನ ಹಾಸಿಗೆಯಲ್ಲಿ ಅಂಗಾತ ಮಲಗಿ ಮತ್ತೆ ಏಳಲಿಲ್ಲ. ಇವತ್ತು ಅವನನ್ನು ಮಣ್ಣು ಮಾಡುವ ದಿನ. ಕಾರು ಕೈಕೊಡಲು ಆರಿಸಿಕೊಂಡದ್ದೂ ಇವತ್ತನ್ನೇ.

ಶವದ ಗಾಡಿಯ ಹಿಂದೆ ಮನೆಯವರು ಕೂರುವುದಕ್ಕೆಂದು ಉದ್ದನೆಯ ಕರಿ ಕಾರೊಂದನ್ನು ಕೊಡುವುದಾಗಿ ಶವಸಂಸ್ಕಾರದ ಪೆಲ್ಟಿಯರ್ ಸಾಹೇಬ ಹೇಳಿದ್ದ. ಹೆಲ್ಮಿ ಅತ್ತೆ ಒಪ್ಪಲಿಲ್ಲ.

"ಅದೆಂಥಾ ಅವಮಾನ! ಮೆಕ್ಯಾನಿಕ್ಕನ ಹೆಂಡ್ತಿ ಬಾಡಿಗೆ ಕಾರಲ್ಲಿ ಹೋಗೋದಾ? ನಮ್ಮ ಆರ್ವೋ ಕಾರಿದೆ. ನಿಮ್ಮಾವ ಹದಿನೆಂಟು ವರ್ಷ ಕೈಯಾರೆ ನೋಡ್ಕೊಂಡ ಗಾಡಿ ಅದು."

ಆರ್ವೋ ಊರಿನ ಗ್ರಂಥಾಲಯದಲ್ಲಿ ಗುಮಾಸ್ತ. ಹಾಲುಗಲ್ಲದ ಮಕ್ಕಳೂ ಸ್ಪ್ಯಾನರ್ ಹಿಡಿಯುವ ಆ ಊರಿನಲ್ಲಿ ಕಾರಿನ ಬಗ್ಗೆ ಅವನಿಗೆ ಗೊತ್ತಿದ್ದದ್ದು ಎರಡೇ ಸಂಗತಿ: ಕೀ ತಿರುಗುತ್ತದೆ, ಸ್ಟೇರಿಂಗೂ ತಿರುಗುತ್ತದೆ. ಮಿಕ್ಕಿದ್ದಕ್ಕೆಲ್ಲ ಮಾವನಿದ್ದ.

ಸಂಕಟ ಬೇರೆಯೇ ಇತ್ತು. ಅಂದು ನವೆಂಬರ್ ಹದಿನಾಲ್ಕು. ಮಿಶಿಗನ್ನಿನ ಆ ಉತ್ತರದ ತುದಿಯಲ್ಲಿ ಮರುದಿನ ಜಿಂಕೆ ಬೇಟೆ ಶುರು, ಅದು ಕ್ರಿಸ್‌ಮಸ್ಸಿಗಿಂತ ದೊಡ್ಡ ಹಬ್ಬ. ಶಾಲೆಗೆ ರಜೆ, ಅಂಗಡಿಗೆ ಬೀಗ, ಗಂಡಸರೆಲ್ಲ ಕಾಡಿನ ಬಿಡಾರಗಳಿಗೆ. ಸ್ಮಶಾನ ನೋಡಿಕೊಳ್ಳುವ ಸುಲೊ ಕೂಡ ಗಂಡಸೇ. ಅವನು ಅತ್ತೆಗೆ ಫೋನಿನಲ್ಲಿ ಬಿಡಿಸಿ ಹೇಳಿದ್ದ.

"ಹೆಲ್ಮಿ ಅಕ್ಕಾ, ಮೂರು ಗಂಟೆ ಅಂದ್ರೆ ಮೂರೇ ಗಂಟೆ. ಆಮೇಲೆ ನಾನು ಗೇಟಿಗೆ ಬೀಗ ಜಡಿದು ಬಿಡಾರಕ್ಕೆ ಹೊರಟ್ಬಿಡ್ತೀನಿ. ವಾಪಸ್ ಬರೋವಷ್ಟ್ರಲ್ಲಿ ನೆಲ ಕಲ್ಲಾಗಿರುತ್ತೆ. ಏಪ್ರಿಲ್‌ವರೆಗೂ ಓನ್ನಿಯಣ್ಣ ಕಲ್ಲಿನ ಕೋಣೇಲೇ ಕಾಯ್ಬೇಕಾಗುತ್ತೆ."

ಚಳಿಗಾಲದಲ್ಲಿ ಸತ್ತವರನ್ನೆಲ್ಲ ಹಿಮ ಕರಗುವವರೆಗೆ ಆ ಕೋಣೆಯಲ್ಲಿ ಸಾಲಾಗಿ ಜೋಡಿಸಿಡುವುದು ಅಲ್ಲಿನ ರೂಢಿ. ಅತ್ತೆ ಬೆಳಗ್ಗೆ ಆರ್ವೋನ ಟೈ ಸರಿಮಾಡುತ್ತ ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ನಿಮ್ಮಾವನನ್ನ ಆರು ತಿಂಗಳು ಕಪಾಟಲ್ಲಿಡೋಕೆ ನಾನು ಬಿಡಲ್ಲ. ಮೂರಕ್ಕೆ ಮುಂಚೆ ನನ್ನನ್ನ ಅಲ್ಲಿಗೆ ಸೇರಿಸೋದು ನಿನ್ನ ಜವಾಬ್ದಾರಿ. ಒಂದೇ ಒಂದು ಕೆಲಸ ಹೇಳ್ತಿದೀನಿ ಆರ್ವೋ, ಕೆಡಿಸ್ಬೇಡ." ಮಾವನಿಗಾಗಿ ಅವನು ಮೂರು ದಿನ ಅತ್ತಿದ್ದ. ಹಾಗಾಗಿ ಎದೆ ತಟ್ಟಿಕೊಂಡು ಆಗಲಿ ಎಂದ.

ಒಂದೂ ಮುಕ್ಕಾಲಿಗೆ ಇಗರ್ಜಿಯಿಂದ ಮೆರವಣಿಗೆ ಹೊರಟಿತು. ಸ್ಮಶಾನಕ್ಕೆ ಹನ್ನೆರಡು ಮೈಲಿ. ಮುಂದೆ ಪೆಲ್ಟಿಯರ್ ಸಾಹೇಬನ ಶವದ ಗಾಡಿ. ಅದರ ಹಿಂದೆ ಆರ್ವೋ, ಪಕ್ಕದಲ್ಲಿ ಪಾದ್ರಿ ಎಲ್ಡನ್, ಹಿಂದಿನ ಸೀಟಿನಲ್ಲಿ ಕರಿ ಟೋಪಿ ತೊಟ್ಟ ಹೆಲ್ಮಿ ಅತ್ತೆ. ಅವರ ಹಿಂದೆ ಇಪ್ಪತ್ಮೂರು ಗಾಡಿಗಳು. ಎಲ್ಲಕ್ಕೂ ಹಗಲಲ್ಲೇ ದೀಪ, ಬಾನೆಟ್ಟಿನ ಮೇಲೆ ನೇರಳೆ ಬಣ್ಣದ ಪುಟ್ಟ ಬಾವುಟ. ಅರ್ಧದಷ್ಟು ಗಾಡಿಗಳಲ್ಲಿ ಬಂದೂಕು, ಡೇರೆ, ನಾಯಿ ಎಲ್ಲ ಆಗಲೇ ತುಂಬಿದ್ದವು. ಕರಿ ಕೋಟಿನ ಕೆಳಗೆ ಬೇಟೆಯ ಕಿತ್ತಳೆ ಬಣ್ಣದ ಅಂಗಿ ಇಣುಕುತ್ತಿತ್ತು. ಮಣ್ಣು ಮುಗಿದ ಕೂಡಲೇ ಸೀದಾ ಕಾಡಿಗೆ ಎಂಬುದು ಎಲ್ಲರ ಲೆಕ್ಕಾಚಾರ.

ಆ ಊರಿನಲ್ಲಿ ಶವದ ಮೆರವಣಿಗೆಗೆ ನಿಯಮ ಒಂದೇ. ಮುಂದಿನ ಗಾಡಿ ಎಲ್ಲಿ ಹೋಗುತ್ತದೋ ಹಿಂದಿನದೂ ಅಲ್ಲಿಗೆ. ಯಾರೂ ಸಾಲು ಬಿಡುವಂತಿಲ್ಲ, ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಹಾಗೆ ಮಾಡಿದವನನ್ನು ಮೂರು ತಲೆಮಾರು ಆಡಿಕೊಳ್ಳುತ್ತಾರೆ.

ನಾಲ್ಕು ಮೈಲಿ ಚೆನ್ನಾಗಿಯೇ ಹೋಯಿತು. ಆಮೇಲೆ ಉದ್ದನೆಯ ಏರು ಬಂತು.

"ಆರ್ವೋ, ನನ್ನ ಸೀಟಿನ ಕೆಳಗೆ ಏನೋ ಗುಂಯ್ ಅಂತಿದೆ" ಎಂದಳು ಅತ್ತೆ.

"ಗಾಳಿ ಅತ್ತೆ."

"ಗಾಳಿ ಸೀಟಿನ ಕೆಳಗೆ ಯಾಕಪ್ಪಾ ಬರುತ್ತೆ?"

ಆರ್ವೋ ಆಕ್ಸಿಲರೇಟರನ್ನು ನೆಲಕ್ಕೆ ಒತ್ತಿ ಹಿಡಿದಿದ್ದ, ಕಾರು ಮಾತ್ರ ಅದಕ್ಕೂ ತನಗೂ ಸಂಬಂಧವೇ ಇಲ್ಲ ಎಂಬಂತೆ ನಿಧಾನವಾಗುತ್ತಲೇ ಹೋಯಿತು. ನಲವತ್ತು ಮೈಲಿ ವೇಗ ಮೂವತ್ತಾಯಿತು, ಇಪ್ಪತ್ತಾಯಿತು, ಹನ್ನೆರಡಾಯಿತು. ಶವದ ಗಾಡಿ ಏರು ಹತ್ತಿ ಆಚೆ ಇಳಿದು ಮಾಯವಾಯಿತು. ಹಿಂದಿನ ಇಪ್ಪತ್ಮೂರು ಗಾಡಿಗಳೂ ಹನ್ನೆರಡು ಮೈಲಿ ವೇಗಕ್ಕೆ ಇಳಿದು ಭಕ್ತಿಯಿಂದ ತೆವಳತೊಡಗಿದವು.

"ಇಷ್ಟು ನಿಧಾನಕ್ಕೆ ಹೋಗ್ತಿರೋದು ಓನ್ನಿಯವರ ಮೇಲಿನ ಗೌರವಕ್ಕಾ?" ಪಾದ್ರಿ ಮೆಲ್ಲಗೆ ಕೇಳಿದರು.

"ಹೂಂ" ಎಂದ ಆರ್ವೋ. ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿತ್ತು.

ಏರಿನ ತುದಿಯಲ್ಲಿ ಪೆಟ್ರೋಲ್ ಬಂಕೊಂದಿತ್ತು. ಅವನು ಹೇಗೋ ಉಸಿರು ಹಿಡಿದು ಕಾರನ್ನು ಅದರೊಳಗೆ ತಿರುಗಿಸಿದ. ಹಿಂದಿನ ಗಾಡಿಯೂ ತಿರುಗಿತು. ಅದರ ಹಿಂದಿನದೂ ತಿರುಗಿತು. ಇಪ್ಪತ್ಮೂರು ಗಾಡಿಗಳು ದೀಪ ಉರಿಸಿಕೊಂಡು, ಬಾವುಟ ಹಾರಿಸಿಕೊಂಡು ಒಂದರ ಹಿಂದೊಂದು ಬಂಕಿನೊಳಗೆ ಬಂದು, ಪೆಟ್ರೋಲು ಹಾಕುವ ಜಾಗವನ್ನೆಲ್ಲ ಸುತ್ತುವರಿದು ನಿಂತವು. ಗಾಜಿನ ಹಿಂದೆ ಕೂತಿದ್ದ ಬಂಕಿನಾಕೆ ಎದ್ದು ನಿಂತು ಎದೆಯ ಮೇಲೆ ಕೈಯಿಟ್ಟುಕೊಂಡಳು. ಸತ್ತವರು ಬಂಕಿಗೆ ಬೇಕಾದವರಿರಬೇಕು ಎಂದುಕೊಂಡಳೋ ಏನೋ.

ಆರ್ವೋ ಬಾನೆಟ್ ಎತ್ತಿದ. ಅದೇ ಅವನು ಮಾಡಿದ ದೊಡ್ಡ ತಪ್ಪು. ಕೆಟಲ್ ಲೇಕಿನಲ್ಲಿ ಎತ್ತಿದ ಬಾನೆಟ್ ಕಂಡರೆ ಗಂಡಸರಾದವರು ಸುಮ್ಮನೆ ಹಾದುಹೋಗುವುದಿಲ್ಲ. ನಿಮಿಷದೊಳಗೆ ಕರಿ ಕೋಟುಗಳ ಗುಂಪು ಎಂಜಿನ್ನಿನ ಮೇಲೆ ಬಗ್ಗಿತು. ಎಲ್ಲರಿಗಿಂತ ಮುಂದೆ ಹಿಮ ಗುಡಿಸುವ ಲಾರಿಯ ಡ್ರೈವರ್ ರೂಬೆನ್, ಅವನ ಭುಜಕ್ಕೆ ಭುಜ ತಾಗಿಸಿಕೊಂಡು ಹಾರ್ಡ್‌ವೇರ್ ಅಂಗಡಿಯ ವೆಸ್ಲಿ.

"ಪ್ಲಗ್ಗು" ಎಂದ ರೂಬೆನ್, ಎಂಜಿನ್ ನೋಡುವ ಮುಂಚೆಯೇ.

"ಪ್ಲಗ್ಗಲ್ಲ ಮಾರಾಯ, ಸೈಲೆನ್ಸರ್ ಕಟ್ಕೊಂಡಿದೆ" ಎಂದ ವೆಸ್ಲಿ. "ಹೊಗೆ ಹೊರಗೆ ಹೋಗ್ದೆ ಒಳಗೇ ಸುತ್ತಾಡ್ತಿದೆ."

"ನನ್ನ ಭಾವನ ಗಾಡೀಲೂ ಹೀಗೇ ಆಗಿತ್ತು. ಬಿಚ್ಚಿ ನೋಡಿದ್ರೆ ಇಲಿ ಮರಿ ಹಾಕಿತ್ತು" ಎಂದು ಹಿಂದಿನಿಂದ ಯಾರೋ ಕೂಗಿದರು.

"ಪೆಟ್ರೋಲಲ್ಲಿ ನೀರು!"

"ಅಲ್ಲ ಆರ್ವೋ, ಹ್ಯಾಂಡ್‌ಬ್ರೇಕ್ ಇಳಿಸಿದ್ಯಾ?"

ಆರ್ವೋನಿಗೆ ಸಿಟ್ಟು ಬಂತು. ಆದರೂ ಇಳಿಸಿದ್ದೇನೆಯೋ ಇಲ್ಲವೋ ಎಂದು ಓಡಿಹೋಗಿ ನೋಡಿ ಬಂದ. "ಹೇಗೂ ಬಂಕಲ್ಲೇ ಇದೀವಿ, ಒಂದಿಷ್ಟು ಪೆಟ್ರೋಲ್ ಹಾಕಿಸ್ಲಾ?" ಎಂದು ಮೆಲ್ಲಗೆ ಕೇಳಿದ.

"ಕಾಲು ಟ್ಯಾಂಕ್ ಇದೆಯಲ್ಲೋ! ಪೆಟ್ರೋಲಿಗೂ ಇದಕ್ಕೂ ಏನಯ್ಯಾ ಸಂಬಂಧ?" ರೂಬೆನ್ ಗದರಿದ. "ಪುಸ್ತಕ ಜೋಡಿಸೋರು ಪುಸ್ತಕ ಜೋಡಿಸ್ಬೇಕು."

ಕಾರಿನ ಹಿಂದಿನ ಕಿಟಕಿ ಕೆಳಗಿಳಿಯಿತು. ಕರಿ ಟೋಪಿ ಹೊರಗೆ ಬಂತು. "ಯಾರಾದ್ರೂ ನನ್ನ ಮಾತು ಕೇಳ್ತೀರಾ?"

"ಹೆಲ್ಮಿಯಕ್ಕಾ, ನೀವು ದುಃಖದಲ್ಲಿದೀರಿ. ಆರಾಮಾಗಿ ಕೂತ್ಕೊಳಿ, ಇದು ನಮಗೆ ಬಿಡಿ" ಎಂದ ವೆಸ್ಲಿ. ಕಿಟಕಿ ಮತ್ತೆ ಮೇಲೇರಿತು.

ರೂಬೆನ್ ಒಂದು ಪ್ಲಗ್ಗು ಬಿಚ್ಚಿ ತನ್ನ ಟೈಯಿಂದಲೇ ಒರೆಸಿ ಹಾಕಿದ. ವೆಸ್ಲಿ ಸೈಲೆನ್ಸರಿನೊಳಗೆ ಪಾದ್ರಿಯ ಛತ್ರಿ ತೂರಿಸಿ ತಿರುವಿದ. ಹೀಗೆ ಹನ್ನೆರಡು ನಿಮಿಷ ಕಳೆಯಿತು. ಆರ್ವೋ ಕೀ ತಿರುಗಿಸಿದ. ಕಾರು ಏನೂ ಆಗಿಯೇ ಇಲ್ಲವೆಂಬಂತೆ ಗುರ್ರೆಂದು ಹೊರಟಿತು!

"ನೋಡಿದ್ಯಾ, ಪ್ಲಗ್ಗು!"

"ಛತ್ರಿ ಕಣೋ, ಛತ್ರಿ!"

ಮೆರವಣಿಗೆ ಬಂಕನ್ನು ಒಂದು ಸುತ್ತು ಹಾಕಿ ಮತ್ತೆ ರಸ್ತೆಗಿಳಿಯಿತು. ಪಾದ್ರಿ ತಮ್ಮ ಮಸಿ ಹಿಡಿದ ಛತ್ರಿಯನ್ನು ಮಂಡಿಯ ಮೇಲಿಟ್ಟುಕೊಂಡು ದುಃಖದಿಂದ ನೋಡಿದರು. ಒಂದೂವರೆ ಮೈಲಿ ಕಳೆಯಿತು. ಇನ್ನೊಂದು ಏರು ಬಂತು. ಸೀಟಿನ ಕೆಳಗಿನ ಗುಂಯ್ ಸದ್ದು ಕೀರಲಾಯಿತು. ಆಮೇಲೆ ಸದ್ದೂ ಇಲ್ಲ, ಬಲವೂ ಇಲ್ಲ. ಕಾರು ಉಸ್ಸೆಂದು ರಸ್ತೆಯ ಅಂಚಿಗೆ ಹೋಗಿ ನಿಂತಿತು. ಗಡಿಯಾರ ಎರಡೂ ಇಪ್ಪತ್ತು ತೋರಿಸುತ್ತಿತ್ತು. ಇನ್ನೂ ಆರೂವರೆ ಮೈಲಿ.

ಈ ಸಲ ಹೆಲ್ಮಿ ಅತ್ತೆ ಯಾರ ಅಪ್ಪಣೆಗೂ ಕಾಯಲಿಲ್ಲ. ಬಾಗಿಲು ತೆರೆದು ಇಳಿದು, ಊರುಗೋಲಿನಿಂದ ಕಾರಿನ ತಲೆಯ ಮೇಲೆ ಫಟಫಟನೆ ಹೊಡೆದಳು. ಆಗಲೇ ಮತ್ತೆ ಬಾನೆಟ್ ಎತ್ತಿ ಬಗ್ಗಿದ್ದ ಕರಿ ಕೋಟುಗಳೆಲ್ಲ ನೆಟ್ಟಗಾದವು.

"ಅಕ್ಕಾ, ನನ್ನ ಗಾಡೀಲಿ ಬನ್ನಿ" ಎಂದ ರೂಬೆನ್. "ಇದನ್ನ ಇಲ್ಲೇ ಬಿಡೋಣ."

"ನಿನ್ನ ಗಾಡೀಲಿ ಮೂರು ಬಂದೂಕು, ಒಂದು ನಾಯಿ ಇದೆ. ನಾನೆಲ್ಲಿ ಕೂರ್ಲಿ, ನಾಯಿ ತೊಡೆ ಮೇಲಾ? ಕೇಳ್ರೋ ಎಲ್ರೂ. ಓನ್ನಿ ಮುಟ್ಟಿದ ಗಾಡಿ ಓನ್ನಿ ಮಣ್ಣಿನ ದಿನಾನೇ ದಾರೀಲಿ ನಿಂತಿತು ಅಂತ ಈ ಊರು ಹೇಳೋ ಹಾಗಾಗ್ಬಾರ್ದು. ಈ ಗಾಡೀಲೇ ಹೋಗ್ತೀನಿ. ಈಗ ಎಲ್ಲಾ ಬಾಯಿ ಮುಚ್ಚಿ. ಆರ್ವೋ, ಕೀ ತಿರುಗಿಸು. ಸ್ಟಾರ್ಟ್ ಮಾಡ್ಬೇಡ, ದೀಪ ಹತ್ತೋವರೆಗೆ ಮಾತ್ರ. ಮಿಕ್ಕೋರೆಲ್ಲ ಹಿಂದೆ ಬಂದು ಕಿವಿ ಕೊಟ್ಟು ಕೇಳಿ."

ನಲವತ್ತು ಜನ ಕಾರಿನ ಹಿಂಭಾಗದ ಸುತ್ತ ನೆರೆದು, ಟೋಪಿ ತೆಗೆದು ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ನಿಂತರು. ಎದುರಿನಿಂದ ಬಂದ ಮರದ ದಿಮ್ಮಿಯ ಲಾರಿಯೊಂದು ನಿಂತಿತು. ಕಾರಿನ ಡಿಕ್ಕಿಗೆ ಪ್ರಾರ್ಥನೆ ಸಲ್ಲಿಸುತ್ತಿದ್ದವರನ್ನು ನೋಡಿ ಅದರ ಡ್ರೈವರನೂ ಇಳಿದು ಟೋಪಿ ತೆಗೆದ. ಆರ್ವೋ ಕೀ ತಿರುಗಿಸಿದ.

"ಏನೂ ಕೇಳಿಸ್ಲಿಲ್ಲ" ಎಂದ ವೆಸ್ಲಿ.

"ಅದೇ ರೋಗ" ಎಂದಳು ಅತ್ತೆ. "ಕೀ ತಿರುಗಿಸಿದ ತಕ್ಷಣ ಎರಡು ಸೆಕೆಂಡು ಝುಂಯ್ ಅನ್ನಬೇಕು. ಫ್ಯೂಯೆಲ್ ಪಂಪು ಕಣ್ರೋ. ಟ್ಯಾಂಕಿನ ಒಳಗೇ ಇರುತ್ತೆ, ನನ್ನ ಸೀಟಿನ ಕೆಳಗೆ. ಆಗ್ಲಿಂದ ನನ್ನ ಕೆಳಗೆ ಕೂತು ಅರಚ್ಕೊಳ್ತಿದೆ, ಹೇಳಿದ್ರೆ ಗಾಳಿ ಅಂತಾನೆ ಇವನು! ಸಪಾಟು ರಸ್ತೇಲಿ ಎಂಜಿನ್ನಿಗೆ ಸ್ವಲ್ಪ ಪೆಟ್ರೋಲು ಸಾಕು. ಏರು ಬಂದ್ರೆ ಜಾಸ್ತಿ ಕೇಳುತ್ತೆ, ಸುಸ್ತಾದ ಪಂಪಿಗೆ ತಳ್ಳೋಕಾಗಲ್ಲ. ಟ್ಯಾಂಕು ತುಂಬಿದ್ರೆ ಪೆಟ್ರೋಲೇ ಅದನ್ನ ತಣ್ಣಗಿಡುತ್ತೆ, ಇವನು ಅರೆಹೊಟ್ಟೇಲೇ ಓಡಿಸಿ ಓಡಿಸಿ ಕಾಯಿಸಿಬಿಟ್ಟಿದಾನೆ. ಹತ್ತು ನಿಮಿಷ ನಿಂತ್ರೆ ತಣ್ಣಗಾಗಿ ಮತ್ತೆ ಏಳುತ್ತೆ. ನಿನ್ನ ಟೈಗಲ್ಲ ರೂಬೆನ್. ಛತ್ರಿಗೂ ಅಲ್ಲ."

"ಪ್ಲಗ್ಗೂ ಇರ್ಬಹುದಲ್ಲ?" ರೂಬೆನ್ ಗೊಣಗಿದ.

"ಪ್ಲಗ್ಗಾಗಿದ್ರೆ ಗಾಡಿ ಕುಲುಕಾಡ್ತಿತ್ತು. ಇದು ಕುಲುಕಲಿಲ್ಲ, ಕೂತಲ್ಲೇ ನಿದ್ದೆ ಹೋದೋರ ಥರ ಸೋತುಹೋಯ್ತು. ನಲವತ್ತಾರು ವರ್ಷ ದಿನಾ ರಾತ್ರಿ ಊಟಕ್ಕೆ ಇದೇ ಮಾತು ಕೇಳಿದೀನಿ ನಾನು. ಸಾರಿನ ರುಚಿ ಹೇಗಿದೆ ಅಂತ ಒಂದಿನ ಹೇಳ್ಲಿಲ್ಲ ಮಹಾರಾಯರು, ಪಂಪಿನ ವಿಷಯ ಮಾತ್ರ ಬಾಯಿಪಾಠ ಮಾಡಿಸಿದಾರೆ." ಹೇಳುತ್ತ ಹೇಳುತ್ತ ಅತ್ತೆ ಟೋಪಿಯ ಅಂಚನ್ನು ಕಣ್ಣಿನವರೆಗೆ ಎಳೆದುಕೊಂಡಳು. ಗಂಡಸರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು.

"ಈಗೇನು ಮಾಡೋದು ಅತ್ತೆ?" ಎಂದ ಆರ್ವೋ.

"ಹೊಡೆಯೋದು."

ಹಿಂದಿನ ಸೀಟು ಎತ್ತಿ ಹಾಕಿದರು. ಕೆಳಗೆ ತಟ್ಟೆಯಷ್ಟಗಲದ ಮುಚ್ಚಳವಿತ್ತು. ರೂಬೆನ್ ತನ್ನ ಗಾಡಿಯಿಂದ, ಡೇರೆಯ ಗೂಟ ಬಡಿಯುವ ರಬ್ಬರ್ ಸುತ್ತಿಗೆ ತಂದ. ಅತ್ತೆ ಅದನ್ನು ಪಾದ್ರಿಯ ಕೈಗಿಟ್ಟಳು.

"ಅಮ್ಮಾ, ನಾನು ದೇವರ ಗ್ರಂಥ ಓದಿದೋನು" ಎಂದರು ಪಾದ್ರಿ ಎಲ್ಡನ್.

"ಇಗರ್ಜಿ ಗಂಟೆ ಹೊಡೆದು ಅಭ್ಯಾಸ ಇದೆಯಲ್ಲ, ಸಾಕು. ಹೂಂ, ಮಂಡಿಯೂರಿ. ಅದೂ ನಿಮಗೆ ಅಭ್ಯಾಸಾನೇ."

ಪಾದ್ರಿ ಹಿಂದೆ ಮಂಡಿಯೂರಿದರು. ಅತ್ತೆ ಮುಂದೆ ಬಂದು ಕೂತಳು. ಪಾದ್ರಿ ಹೆದರುತ್ತ ಒಂದೇಟು ಹಾಕಿದರು. ಆರ್ವೋ ಕೀ ತಿರುಗಿಸಿದ. ಝುಂಯ್! ನಲವತ್ತು ಜನ ಒಕ್ಕೊರಲಿನಿಂದ ಹೋ ಎಂದರು. ಲಾರಿಯ ಡ್ರೈವರನಿಗೆ ಏನೆನ್ನಿಸಿತೋ, ಅವನು ಹೋ ಎನ್ನಲಿಲ್ಲ, ಮೆಲ್ಲಗೆ ಲಾರಿ ಹತ್ತಿ ಹೊರಟುಹೋದ.

ಅಲ್ಲಿಂದ ಮುಂದಿನ ಆರು ಮೈಲಿಯನ್ನು ಕೆಟಲ್ ಲೇಕಿನವರು ಇವತ್ತಿಗೂ ಮರೆತಿಲ್ಲ. ಕಾರು ಸೋಲುವುದು, ಅತ್ತೆ "ಹೊಡೀರಿ!" ಎನ್ನುವುದು, ಪಾದ್ರಿ ಢಬಢಬ ಬಡಿಯುವುದು, ಕಾರು ಕಪ್ಪೆಯ ಹಾಗೆ ಮುಂದಕ್ಕೆ ನೆಗೆಯುವುದು. ಅದು ನಿಧಾನವಾದರೆ ಹಿಂದಿನ ಇಪ್ಪತ್ಮೂರೂ ನಿಧಾನ, ಅದು ನೆಗೆದರೆ ಇಪ್ಪತ್ಮೂರೂ ನೆಗೆತ. ಮೊದಮೊದಲು ಪ್ರತಿ ಏಟಿಗೂ "ಕ್ಷಮಿಸು ದೇವರೇ" ಎನ್ನುತ್ತಿದ್ದ ಪಾದ್ರಿ ಮೂರನೇ ಮೈಲಿಯ ಹೊತ್ತಿಗೆ ಕೋಟು ಬಿಚ್ಚಿ ಎಸೆದು, ತೋಳು ಮಡಚಿ, ಕೀರ್ತನೆಯೊಂದನ್ನು ಗಟ್ಟಿಯಾಗಿ ಹಾಡುತ್ತ ಅದರ ತಾಳಕ್ಕೇ ಬಡಿಯತೊಡಗಿದ್ದರು. ಅತ್ತೆಯೂ ದನಿಗೂಡಿಸಿದಳು. ಆರ್ವೋನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವನು ಎರಡನ್ನೂ ಮಾಡಿದ.

ಅಷ್ಟರಲ್ಲಿ ಎದುರಿನಿಂದ ಶವದ ಗಾಡಿಯೇ ಬಂತು! ಸ್ಮಶಾನಕ್ಕೆ ಒಬ್ಬನೇ ಹೋಗಿ ನಿಂತು, ಹಿಂದೆ ನೋಡಿದರೆ ನರಪಿಳ್ಳೆ ಇಲ್ಲದ್ದನ್ನು ಕಂಡು, ಪೆಲ್ಟಿಯರ್ ಸಾಹೇಬ ಗಾಬರಿಯಿಂದ ಎಲ್ಲರನ್ನೂ ಹುಡುಕಿಕೊಂಡು ವಾಪಸ್ ಬಂದಿದ್ದ. ಓನ್ನಿ ಮಾವನ ಪೆಟ್ಟಿಗೆ ಎದುರಿನಿಂದ ಬಂದು, ಪಕ್ಕದಲ್ಲೇ ಹಾದು, ಹಿಂದಕ್ಕೆ ಹೋಯಿತು. ಅತ್ತೆ ಕಿಟಕಿಯಿಂದ ಕೈಬೀಸಿದಳು. ಸಾಹೇಬ ಮುಂದೆಲ್ಲೋ ಗಾಡಿ ತಿರುಗಿಸಿಕೊಂಡು ಬಂದನೇನೋ ನಿಜ. ಆದರೆ ಮೂವತ್ತು ವರ್ಷ ಶವದ ಗಾಡಿ ಓಡಿಸಿದವನು ಮೆರವಣಿಗೆಯನ್ನು ಹಿಂದೆ ಹಾಕುವುದುಂಟೇ? ಇಪ್ಪತ್ಮೂರನೇ ಗಾಡಿಯ ಹಿಂದೆ ಸೇರಿಕೊಂಡು ಸಾಲಿನ ಕೊನೆಯಲ್ಲಿ ಬಂದ. ತನ್ನ ಮಣ್ಣಿಗೆ ತಾನೇ ಎಲ್ಲರಿಗಿಂತ ತಡವಾಗಿ ಬಂದವನು ಆ ಸೀಮೆಯಲ್ಲಿ ಓನ್ನಿ ಮಾವ ಒಬ್ಬನೇ ಇರಬೇಕು.

ಎರಡೂ ನಲವತ್ತೆರಡಕ್ಕೆ ಸ್ಮಶಾನದ ಗೇಟು ಕಂಡಿತು. ಕಾರು ಗೇಟಿನ ಎರಡು ಕಂಬಗಳ ಸರಿಯಾಗಿ ನಡುವೆ ಹೋಯಿತು, ನಿಂತಿತು. ಪಾದ್ರಿ ಬಡಿದರು. ಇನ್ನೂ ಬಡಿದರು. ಸುತ್ತಿಗೆಯ ಹಿಡಿ ಮುರಿದು ಕೈಗೆ ಬಂತು. ಪಂಪು ಈ ಸಲ ನಿಜವಾಗಿಯೂ ಸತ್ತಿತ್ತು.

ಒಳಗೆ ಮಣ್ಣು ಎಳೆಯುವ ಯಂತ್ರದ ಮೇಲೆ ಕೂತಿದ್ದ ಸುಲೊ ಕೈಗಡಿಯಾರ ತೋರಿಸಿದ. ಅವನು ಆಗಲೇ ತಲೆಯಿಂದ ಕಾಲಿನವರೆಗೆ ಕಿತ್ತಳೆ ಬಣ್ಣದಲ್ಲಿದ್ದ. "ಇನ್ನು ಹದಿನೆಂಟು ನಿಮಿಷ!"

"ತಳ್ಳಿ!" ಎಂದು ಕಿರುಚಿದ ಆರ್ವೋ. ಜೀವಮಾನದಲ್ಲಿ ಅವನು ಯಾರಿಗೂ ಅಪ್ಪಣೆ ಕೊಟ್ಟವನಲ್ಲ, ಗ್ರಂಥಾಲಯದಲ್ಲಿ ಮಾತಾಡುವವರನ್ನೂ ಕಣ್ಣಲ್ಲೇ ಬೇಡಿಕೊಳ್ಳುವವನು. ಆದರೆ ಹತ್ತು ಜನ ಓಡಿ ಬಂದು ಕಾರನ್ನು ಒಳಗೆ ತಳ್ಳಿ, ಬೇಲಿಯ ಪಕ್ಕದ ಮರದ ಬುಡಕ್ಕೆ ನಿಲ್ಲಿಸಿದರು. ಶವದ ಗಾಡಿ ಇನ್ನೂ ಸಾಲಿನ ಬಾಲದಲ್ಲಿತ್ತು. ಅದಕ್ಕೆ ದಾರಿ ಬಿಡಿಸುತ್ತ ಕೂತರೆ ಸಂಜೆಯಾಗುತ್ತದೆ. "ಪೆಟ್ಟಿಗೇನ ಹೊತ್ಕೊಂಡೇ ಬರೋಣ!" ಎಂದು ಆರ್ವೋ ಮುಂದೆ ಓಡಿದ. ಆರು ಜನ ಪೆಟ್ಟಿಗೆಗೆ ಹೆಗಲು ಕೊಟ್ಟರು. ಇಪ್ಪತ್ಮೂರು ಗಾಡಿಗಳ ಉದ್ದಕ್ಕೂ ದಾಪುಗಾಲು ಹಾಕಿದರು. ಗಾಡಿಗಳೊಳಗಿದ್ದ ಪ್ರತಿ ನಾಯಿಯೂ ಒಂದೊಂದು ಸಲ ಬೊಗಳಿ ಓನ್ನಿ ಮಾವನನ್ನು ಬೀಳ್ಕೊಟ್ಟಿತು.

ಪಾದ್ರಿಯ ಕೈ ಇನ್ನೂ ತಾಳ ಹಾಕುತ್ತಿತ್ತು. ಗ್ರಂಥದಲ್ಲಿದ್ದ ಪ್ರಾರ್ಥನೆಗಳಲ್ಲೆಲ್ಲ ಗಿಡ್ಡನೆಯದನ್ನು ಹುಡುಕಿ ಓದಿದರು. ಪೆಟ್ಟಿಗೆ ಇಳಿಯಿತು. ಅತ್ತೆ ಒಂದು ಹಿಡಿ ಮಣ್ಣು ಹಾಕಿದಳು. ಎರಡೂ ಐವತ್ತೆಂಟಕ್ಕೆ ಸುಲೊನ ಯಂತ್ರ ಮಿಕ್ಕ ಮಣ್ಣು ತಳ್ಳತೊಡಗಿತು. ಅತ್ತೆ ಆರ್ವೋನ ಕೈ ಹಿಡಿದು ಒತ್ತಿದಳು. "ಸಮಯಕ್ಕೆ ಸೇರಿಸ್ದೆ ಕಣಪ್ಪಾ. ನಿಮ್ಮಾವ ಬದುಕಿದ್ದಿದ್ರೆ ನಂಬ್ತಿರ್ಲಿಲ್ಲ." ಬೆನ್ನ ಮೇಲೆ ಯಾರೋ ತಟ್ಟಿದರು. ನೋಡಿದರೆ ರೂಬೆನ್! ಆರ್ವೋನಿಗೆ ಎದೆ ತುಂಬಿ ಬಂತು. ಆ ಸಂತೋಷದಲ್ಲಿ ಅವನಿಗೆ ಚಳಿಯೂ ಗೊತ್ತಾಗಲಿಲ್ಲ.

ಕಾರನ್ನು ಮತ್ತೆ ಹೊರಗೆ ತಳ್ಳೋಣವೆಂದರೆ ಸುಲೊ ಬೀಗ ಹಿಡಿದು ಗೇಟಿನ ಹತ್ತಿರ ಕುಣಿಯುತ್ತಿದ್ದ. "ಅಲ್ಲೇ ಇರ್ಲಿ ಬಿಡೋ ಮಾರಾಯ! ಇಲ್ಲಿಂದ ಯಾರೂ ಏನೂ ಕದಿಯಲ್ಲ. ಬಿಡಾರದಿಂದ ಬಂದ್ಮೇಲೆ ನೋಡೋಣ. ಹಿಮ ಜೋರಾಗಿ ಬಿದ್ರೆ ಏಪ್ರಿಲ್‌ನಲ್ಲಿ ನೋಡೋಣ." ಬೀಗ ಬಿತ್ತು. ಸುಲೊನ ಗಾಡಿ ಧೂಳೆಬ್ಬಿಸಿ ಕಾಡಿನತ್ತ ಹೋಯಿತು. ಆರ್ವೋ ಪೆಲ್ಟಿಯರ್ ಸಾಹೇಬನ ಗಾಡಿ ಹತ್ತಿ, ಹಿಂದೆ ಪೆಟ್ಟಿಗೆ ಇದ್ದ ಜಾಗದಲ್ಲಿ ಕಾಲು ಚಾಚಿ ಊರಿಗೆ ಬಂದ. ದಾರಿಯಲ್ಲಿ ಎದುರಾದ ಗಾಡಿಗಳೆಲ್ಲ ಪಕ್ಕಕ್ಕೆ ನಿಂತು ಗೌರವ ತೋರಿಸಿದವು. ಅವನೂ ಕೈಬೀಸಿದ.

ಇಗರ್ಜಿಯ ನೆಲಮಾಳಿಗೆಯಲ್ಲಿ ಕಾಫಿ, ಹಂದಿಮಾಂಸದ ಸ್ಯಾಂಡ್‌ವಿಚ್, ಏಲಕ್ಕಿ ಹಾಕಿದ ಬ್ರೆಡ್ಡು ಕಾಯುತ್ತಿದ್ದವು. ಬೇಟೆಗೆ ಹೊರಡುವ ಆತುರದಲ್ಲಿದ್ದವರೂ ಆರ್ವೋನ ಸುತ್ತ ಕುಳಿತು ಅದೇ ಕತೆಯನ್ನು ನಾಲ್ಕು ನಾಲ್ಕು ಸಲ ಹೇಳಿಸಿದರು. ಆ ಹುರುಪಿನಲ್ಲಿ ಅವನು ಮೂಲೆಗೆ ಹೋಗಿ ಪಟ್ಟಣದ ಬಿಡಿಭಾಗದ ಅಂಗಡಿಗೆ ಫೋನ್ ಮಾಡಿದ. ಜೀವನದಲ್ಲಿ ಮೊದಲ ಸಲ ತನ್ನ ಕಾರಿನ ರೋಗದ ಹೆಸರು ಅವನಿಗೆ ಗೊತ್ತಿತ್ತು.

"ಫ್ಯೂಯೆಲ್ ಪಂಪು ಬೇಕಿತ್ತು" ಎಂದು ಗತ್ತಿನಿಂದ ಹೇಳಿ ತನ್ನ ಊರು, ಗಾಡಿಯ ಹೆಸರು, ವರ್ಷ ಕೊಟ್ಟ.

ಅಂಗಡಿಯವ ನಕ್ಕ. "ಅಣ್ಣಾ, ಅದು ತಯಾರಾಗೋದು ನಿಂತು ಏಳು ವರ್ಷ ಆಯ್ತು. ಸುತ್ತಮುತ್ತ ಎಲ್ಲೂ ಇಲ್ಲ. ಒಂದೇ ಒಂದು ಸಿಕ್ಕಿತ್ತು. ನಿಮ್ಮೂರಿನ ಓನ್ನಿಯಪ್ಪ ಎರಡು ತಿಂಗಳು ನನ್ನ ಪ್ರಾಣ ತಿಂದು, ಎಲ್ಲೆಲ್ಲಿಂದಲೋ ತರಿಸ್ಕೊಂಡು, ಹೋದ ಶುಕ್ರವಾರ ಒಯ್ದ್ರು. ಅಳಿಯನ ಗಾಡಿಗಂತೆ. ಅದ್ರ ಸದ್ದು ಸರಿಯಿಲ್ಲ, ಹೇಳಿದ್ರೆ ಹೆದರ್ಕೋತಾನೆ, ಹಿಮ ಬೀಳೋದ್ರೊಳಗೆ ಹೇಳ್ದೇನೇ ಹಾಕ್ಬಿಡ್ತೀನಿ ಅಂದ್ರು."

ಆರ್ವೋ ಫೋನ್ ಕೆಳಗಿಟ್ಟ. ತಾನು ಸೆಪ್ಟೆಂಬರಿನಲ್ಲಿ ಕಾಫಿಗೆಂದು ಹೋಗಿದ್ದಾಗ ಮಾವ ಅಂಗಳದಲ್ಲಿ ನಿಂತು ಕಾರಿನ ಕಡೆ ಕಿವಿ ವಾರೆ ಮಾಡಿದ್ದು ಕಣ್ಣಿಗೆ ಕಟ್ಟಿತು. ಸತ್ತ ಮೇಲೂ ತನ್ನನ್ನು ಕಾಯುತ್ತಿರುವ ಮನುಷ್ಯ! ಕಣ್ಣು ಒರೆಸಿಕೊಂಡು, ಕಾಫಿ ಚೆಲ್ಲುತ್ತ, ಕುರ್ಚಿಗಳನ್ನು ತಳ್ಳುತ್ತ ಅತ್ತೆಯ ಬಳಿಗೆ ಓಡಿದ.

"ಅತ್ತೆ! ಮಾವ ನನಗೆ ಪಂಪು ತಂದಿಟ್ಟಿದಾರೆ! ಹೊಸದು! ಗ್ಯಾರೇಜಲ್ಲಿ ಎಲ್ಲಾದ್ರೂ ಒಂದು ಡಬ್ಬ ನೋಡಿದ್ರಾ?"

ಅತ್ತೆಯ ಕಾಫಿ ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. "ನೀಲಿ ಡಬ್ಬಾನಾ? ದಾರ ಕಟ್ಟಿದ್ದು?"

"ಅದೇ ಇರ್ಬೇಕು!"

"ಅಯ್ಯೋ ನನ್ನ ಕರ್ಮವೇ." ಅತ್ತೆ ಬಟ್ಟಲು ಕೆಳಗಿಟ್ಟಳು. "ಶುಕ್ರವಾರದಿಂದ ಅದನ್ನ ದಿಂಬಿನ ಪಕ್ಕದಲ್ಲೇ ಇಟ್ಕೊಂಡು ಮಲಗ್ತಿದ್ರು ಕಣೋ. ಏನ್ರೀ ಅದು ಅಂದ್ರೆ, ಮುಟ್ಬೇಡ, ಚಿನ್ನಕ್ಕಿಂತ ಹೆಚ್ಚು ಅಂತಿದ್ರು. ಅಷ್ಟೊಂದು ಪ್ರೀತಿಯ ವಸ್ತು, ಜೊತೇಲೇ ಹೋಗ್ಲಿ ಅಂತ ನಿನ್ನೆ ಪೆಟ್ಟಿಗೇಲಿ ಅವ್ರ ಕೈಗೇ ಕೊಟ್ಬಿಟ್ಟೆ."

ಸ್ಯಾಂಡ್‌ವಿಚ್ ಕಚ್ಚಿದವರು ಕಚ್ಚಿದಂತೆಯೇ ಕೂತರು. ಊರಿನ ಜನರನ್ನೆಲ್ಲ ಕಟ್ಟಿಕೊಂಡು, ಪಾದ್ರಿಯ ಕೈಯಲ್ಲಿ ಸುತ್ತಿಗೆ ಹಿಡಿಸಿ, ಮೂರು ಗಂಟೆಯೊಳಗೆ ಮಣ್ಣಾಗಲೇಬೇಕೆಂದು ಒದ್ದಾಡಿ ತಾನು ಹೂಳಿಸಿದ್ದು ಏನನ್ನು ಎಂದು ಆರ್ವೋನಿಗೆ ನಿಧಾನವಾಗಿ ಹೊಳೆಯಿತು. ಸುಲೊ ಕಾಡಿನಲ್ಲಿದ್ದ, ಕಾಡಿನಲ್ಲಿ ಫೋನಿರಲಿಲ್ಲ. ಕಿಟಕಿಯಾಚೆ ವರ್ಷದ ಮೊದಲ ಹಿಮ ದಪ್ಪದಪ್ಪಗೆ ಬೀಳತೊಡಗಿತ್ತು.

"ಒಂದು ಗುದ್ದಲಿ ಇದ್ದಿದ್ರೆ..." ಎಂದು ರೂಬೆನ್ ಶುರುಮಾಡಿದ. ಅತ್ತೆ ನೋಡಿದ ನೋಟಕ್ಕೆ ಬಾಯಿ ಮುಚ್ಚಿ ಟೋಪಿ ಹುಡುಕಿಕೊಂಡು ಬೇಟೆಗೆ ಹೊರಟ. ಅವನ ಹಿಂದೆ ಮಿಕ್ಕವರೂ ಹೊರಟರು.

ಆರ್ವೋ ಕುರ್ಚಿಯಲ್ಲಿ ಕುಸಿದ. ಹೆಲ್ಮಿ ಅತ್ತೆ ಅವನ ತಟ್ಟೆಗೆ ಇನ್ನೊಂದು ತುಂಡು ಏಲಕ್ಕಿ ಬ್ರೆಡ್ಡು ಹಾಕಿ, ತಲೆ ಸವರಿದಳು.

"ಅಳಬೇಡ್ವೋ. ಗಾಡಿ ಅಲ್ಲೇ ಇದೆ, ಪಂಪೂ ಅಲ್ಲೇ ಇದೆ. ನಿಮ್ಮಾವನಂತೂ ಸುಮ್ನೆ ಮಲಗೋ ಜನ ಅಲ್ಲ. ಏಪ್ರಿಲ್‌ವರೆಗೆ ಟೈಮ್ ಕೊಡು, ಅವ್ರೇ ಹಾಕಿಟ್ಟಿರ್ತಾರೆ."